ದನಿ ದೊಡ್ಡದಾಗುವ ಗುರುತು

ಪಾಶ್ಚಾತ್ಯ ಸಂಗೀತದ ಅಚ್ಚಾದ ಹಾಳೆಯೊಂದನ್ನು ನೀವು ನೋಡಿದ್ದರೆ, ಐದು ಗೆರೆಗಳ ಸ್ವರಸಾಲಿನ ಕೆಳಗೆ ಹೆಂಗಸರ ತಲೆಪಿನ್ನನ್ನು ಮಲಗಿಸಿದಂಥ ಒಂದು ಗುರುತು ಕಣ್ಣಿಗೆ ಬಿದ್ದಿರಬಹುದು. ಎಡಗಡೆ ಒಂದೇ ಬಿಂದುವಿನಲ್ಲಿ ಹುಟ್ಟಿದ ಎರಡು ಗೆರೆಗಳು ಬಲಕ್ಕೆ ಹೋದಂತೆಲ್ಲ ಅಗಲವಾಗಿ ಬಾಯಿ ತೆರೆಯುತ್ತವೆ. ದನಿ ಕ್ರಮಕ್ರಮವಾಗಿ ದೊಡ್ಡದಾಗಲಿ ಎಂಬುದು ಇದರ ಅರ್ಥ. ಬಾಯಿ ಎಡಕ್ಕಿದ್ದು ಗೆರೆಗಳು ಬಲಕ್ಕೆ ಕೂಡಿಕೊಂಡರೆ ದನಿ ಹಾಗೆಯೇ ಸಣ್ಣದಾಗಬೇಕು. ಗುರುತಿಗೆ ಬದಲಾಗಿ ಇಟಲಿಯ ಮಾತನ್ನೇ ಬರೆಯುವುದೂ ಉಂಟು: ಬೆಳೆಯುವುದಕ್ಕೆ ‘ಕ್ರೆಷೆಂಡೊ’, ಕುಗ್ಗುವುದಕ್ಕೆ ‘ಡಿಮಿನುಎಂಡೊ’. ಇಲ್ಲಿ ಏರುವುದು ಸ್ಥಾಯಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಷಡ್ಜ ಷಡ್ಜವಾಗಿಯೇ ಇರುತ್ತದೆ. ಅದರ ಬಲ ಮಾತ್ರ ಹೆಚ್ಚುತ್ತದೆ.

ಇಷ್ಟು ಸಣ್ಣ ಗುರುತು ನೆಲೆಗೊಳ್ಳುವುದಕ್ಕೆ ಯೂರೋಪಿನಲ್ಲಿ ಒಂದೂವರೆ ಶತಮಾನ ಹಿಡಿಯಿತು. ವೆನಿಸ್ ನಗರದ ಸಂತ ಮಾರ್ಕನ ದೇವಾಲಯದಲ್ಲಿ ಆರ್ಗನ್ ವಾದಕನಾಗಿದ್ದ ಜಿಯೋವಾನಿ ಗಾಬ್ರಿಯೇಲಿ 1597ರಲ್ಲಿ ಒಂದು ಕೃತಿಯನ್ನು ಅಚ್ಚು ಹಾಕಿಸಿದ. ಅದರ ಹೆಸರೇ ‘ಪಿಯಾನೊ ಮತ್ತು ಫೋರ್ಟೆಯ ಸೊನಾಟಾ’, ಎಂದರೆ ಮೆಲುದನಿ ಮತ್ತು ಬಲುದನಿಯದು. ವಾದ್ಯಗಳ ಎರಡು ಗುಂಪು. ಒಂದೇ ಗುಂಪು ನುಡಿಸುವಾಗ ಮೆಲ್ಲಗೆ, ಎರಡೂ ಕೂಡಿದಾಗ ಜೋರಾಗಿ. ದನಿಯ ಬಲವನ್ನು ಅಚ್ಚಿನಲ್ಲಿ ಸೂಚಿಸಿದ ಮೊದಮೊದಲ ಕೃತಿಗಳಲ್ಲಿ ಇದು ಒಂದು. ಆದರೆ ಇದು ಮೆಟ್ಟಿಲು ಹತ್ತಿಳಿದಂತೆ. ಮೆಟ್ಟಿಲುಗಳ ನಡುವಿನ ಏರುದಾರಿಗೆ ಇನ್ನೂ ಗುರುತಿರಲಿಲ್ಲ.

ಗುರುತಿರಲಿಲ್ಲವೆಂದರೆ ಆ ಕಲೆಯೇ ಇರಲಿಲ್ಲವೆಂದಲ್ಲ. ಫ್ಲಾರೆನ್ಸಿನ ಗಾಯಕ ಜೂಲಿಯೊ ಕಾಚ್ಚೀನಿ 1602ರಲ್ಲಿ ಪ್ರಕಟಿಸಿದ ಪುಸ್ತಕದ ಮುನ್ನುಡಿಯಲ್ಲಿ, ಒಂದೇ ಸ್ವರದಲ್ಲಿ ದನಿಯನ್ನು ಬೆಳೆಸುವ, ಕುಗ್ಗಿಸುವ ರೀತಿಯನ್ನು ಚರ್ಚಿಸಿದ್ದಾನೆ. ಹಾಡುವವನು ಒಬ್ಬನೇ ಆದಾಗ ಹಾಳೆಯ ಮೇಲೆ ಬರೆಯುವ ಗೊಡವೆ ಏಕೆ? ಗುರು ಹಾಡಿ ತೋರಿಸುತ್ತಾನೆ, ಶಿಷ್ಯ ಕಲಿಯುತ್ತಾನೆ. ನಮ್ಮಲ್ಲಿಯೂ ಹೀಗೆಯೇ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೆ ಬಗೆಬಗೆಯ ಗುರುತುಗಳಿವೆ. ನಮ್ಮ ಸಾಮಾನ್ಯ ಪಾಠಪುಸ್ತಕಗಳ ಸ್ವರಲಿಪಿಯಾದರೋ ಸ್ವರವನ್ನೂ ತಾಳವನ್ನೂ ಹೇಳಿ, ದನಿಯ ಹಿಗ್ಗು ಕುಗ್ಗನ್ನು ಗುರುಮುಖಕ್ಕೆ ಬಿಟ್ಟುಬಿಡುತ್ತದೆ.

ಪಿಟೀಲಿನವರು ಮೊದಲು ಈ ಗುರುತನ್ನು ಬಯಸಿದರು. ಪ್ಯಾರಿಸ್ಸಿನಲ್ಲಿ 1712ರಲ್ಲಿ ಪ್ರಕಟವಾದ ಪಿಯಾನಿ ಎಂಬಾತನ ಪಿಟೀಲು ಸೊನಾಟಾಗಳಲ್ಲಿ, ಒಂದು ತುದಿ ಚೂಪಾಗಿ ಇನ್ನೊಂದು ತುದಿ ದಪ್ಪವಾದ, ಕಪ್ಪು ತುಂಬಿದ ಗುರುತುಗಳಿವೆ. ಲಂಡನ್ನಿನಲ್ಲಿ ನೆಲಸಿದ್ದ ಇಟಲಿಯ ವಾದಕ ಜೆಮಿನಿಯಾನಿ 1751ರ ತನ್ನ ಪಿಟೀಲು ಬೋಧಿನಿಯಲ್ಲಿ ಇಂಥ ಗುರುತುಗಳನ್ನೇ ಬಳಸಿ, ಕಮಾನಿನಿಂದ ನಾದವನ್ನು ಉಬ್ಬಿಸುವುದನ್ನು ಕಲಿಸಿದ.

ಆದರೆ ಗುರುತು ಅನಿವಾರ್ಯವಾದದ್ದು ವಾದ್ಯವೃಂದ ಬೆಳೆದಾಗ. ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ ದೊರೆ ಕಾರ್ಲ್ ಥಿಯೋಡೋರ್ ಪೋಷಿಸಿದ ವೃಂದದಲ್ಲಿ ಸುಮಾರು ನಲವತ್ತು ಮಂದಿ ವಾದಕರಿದ್ದರು. 1757ರಲ್ಲಿ ತೀರಿಕೊಂಡ ಯೋಹಾನ್ ಸ್ಟಾಮಿಟ್ಸ್ ಅವರ ನಾಯಕ. ಅಷ್ಟು ಜನರೂ ಒಂದೇ ಉಸಿರಿನಲ್ಲಿ ಪಿಸುಮಾತಿನಿಂದ ಗುಡುಗಿನವರೆಗೆ ಏರುತ್ತಿದ್ದುದನ್ನು ಕೇಳಲು ದೂರದೂರದಿಂದ ಜನ ಬರುತ್ತಿದ್ದರು. ಇಟಲಿಯ ಗೀತನಾಟಕಕಾರ ಯೊಮ್ಮೆಲ್ಲಿಯೂ ಇದರಲ್ಲಿ ನಿಪುಣ. ಅವನ ವೃಂದದ ದನಿ ಏರುತ್ತಿದ್ದಂತೆ ಸಭಿಕರು ತಮಗರಿವಿಲ್ಲದೆ ಆಸನದಿಂದ ಮೇಲೇಳುತ್ತಿದ್ದರೆಂಬ ಕಥೆ ಸಂಗೀತಗಾರರಲ್ಲಿ ಪ್ರಚಾರದಲ್ಲಿತ್ತು. ಒಬ್ಬ ಗಾಯಕನ ಮನೋಧರ್ಮ ನಲವತ್ತು ಮಂದಿಗೆ ಹಂಚಿಹೋದಾಗ ಎಲ್ಲಿ ತೊಡಗಬೇಕು, ಎಲ್ಲಿ ಮುಗಿಸಬೇಕು ಎಂಬುದು ಪ್ರತಿಯೊಬ್ಬನ ಹಾಳೆಯಲ್ಲೂ ಇರಲೇಬೇಕು. ಈ ಗುರುತು, ಹೀಗೆ, ಹಲವರ ನಡುವಣ ಒಂದು ಒಪ್ಪಂದ.

ಒಪ್ಪಂದವನ್ನು ಓದುವುದರಲ್ಲಿ ಒಂದು ಸೂಕ್ಷ್ಮವಿದೆ. ಕ್ರೆಷೆಂಡೊ ಎಂದು ಬರೆದಿರುವ ಜಾಗದಲ್ಲಿ ದನಿ ಇನ್ನೂ ಸಣ್ಣದಾಗಿಯೇ ಇರಬೇಕು. ಬೆಳೆಯುವುದು ಅಲ್ಲಿಂದ ಮುಂದೆ. ಮಾತು ಕಂಡೊಡನೆಯೇ ಜೋರಾಗಿ ನುಡಿಸಿದರೆ ಏರುವುದಕ್ಕೆ ಜಾಗವೇ ಉಳಿಯುವುದಿಲ್ಲ. 1808ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದ ಬೀಥೋವನನ ಐದನೆಯ ಸಿಂಫನಿಯನ್ನು ಗಮನಿಸಿ. ಮೂರನೆಯ ಭಾಗದಿಂದ ನಾಲ್ಕನೆಯದಕ್ಕೆ ದಾಟುವ ಕಡೆ ನಗಾರಿ ಬಹಳ ಹೊತ್ತು ಮೆಲ್ಲಗೆ ಮಿಡಿಯುತ್ತಲೇ ಇರುತ್ತದೆ. ‘ಬೆಳೆಯಿರಿ’ ಎಂಬ ಅಪ್ಪಣೆ ಬರುವುದು ಕಟ್ಟಕಡೆಯಲ್ಲಿ. ಕಾಯಿಸಿದ್ದರಿಂದಲೇ ಆ ಸ್ಫೋಟಕ್ಕೆ ಬೆಲೆ. ರೊಸ್ಸೀನಿ 1816ರ ‘ಸೆವಿಲ್ಲೆಯ ಕ್ಷೌರಿಕ’ ಗೀತನಾಟಕದಲ್ಲಿ, ಚಾಡಿಮಾತು ತಂಗಾಳಿಯಾಗಿ ಹುಟ್ಟಿ ಫಿರಂಗಿಯಾಗಿ ಸಿಡಿಯುವುದನ್ನು ಇದೇ ಉಪಾಯದಿಂದ ಕೇಳಿಸಿದ. ರವೆಲ್ಲನ ‘ಬೊಲೆರೊ’ (1928) ಎಂಬುದಂತೂ ಸುಮಾರು ಕಾಲು ಗಂಟೆಯ ಒಂದೇ ಏರುದಾರಿ. ಅಲ್ಲಿ ದನಿ ಬೆಳೆಯುವುದು ಮುಖ್ಯವಾಗಿ ವಾದ್ಯದ ಮೇಲೆ ವಾದ್ಯ ಬಂದು ಸೇರುವುದರಿಂದ.

ಮನೆಯಲ್ಲಿ ಕುಳಿತು ಕೇಳುವ ನಿಮಗೂ ಈ ಒಪ್ಪಂದದಲ್ಲಿ ಪಾಲುಂಟು. ಬಾನುಲಿ ಕೇಂದ್ರದಲ್ಲಿ ಅತಿ ಸಣ್ಣ ದನಿಯನ್ನು ತುಸು ಎತ್ತಿ, ಅತಿ ದೊಡ್ಡದನ್ನು ತುಸು ತಗ್ಗಿಸಿಯೇ ಕಳುಹಿಸಬೇಕಾಗುತ್ತದೆ. ಇಲ್ಲವಾದರೆ ಸಣ್ಣದು ಗೊರಗುಟ್ಟುವಿಕೆಯಲ್ಲಿ ಮುಳುಗೀತು, ದೊಡ್ಡದು ಒಡೆದೀತು. ಹೀಗಾಗಿ ಏರುದಾರಿಯ ಸ್ವಲ್ಪ ಭಾಗ ದಾರಿಯಲ್ಲೇ ಸವೆದುಹೋಗಿರುತ್ತದೆ. ಉಳಿದದ್ದನ್ನು ನಮ್ಮ ಕೈಬೆರಳು ಕೆಡಿಸಬಾರದು. ಮೊದಲು ಕೇಳಿಸುತ್ತಿಲ್ಲವೆಂದು ಗುಂಡಿ ತಿರುಗಿಸಿ ಹೆಚ್ಚಿಸಿ, ಆಮೇಲೆ ಕಿವಿಗೆ ಬಡಿಯುತ್ತದೆಂದು ತಗ್ಗಿಸಿದರೆ, ರಚನಕಾರ ಬರೆದ ಗುರುತನ್ನು ನಾವೇ ಒರಸಿದಂತಾಯಿತು. ಮುಂದಿನ ಸಲ ಪಾಶ್ಚಾತ್ಯ ವಾದ್ಯವೃಂದ ಕೇಳಿಬಂದಾಗ ಕಿಟಕಿ ಮುಚ್ಚಿ, ಮಾತು ನಿಲ್ಲಿಸಿ, ಗುಂಡಿಯನ್ನು ಒಂದೇ ಕಡೆ ನಿಲ್ಲಿಸಿ. ಮೆಲುದನಿಯನ್ನು ಹುಡುಕಿಕೊಂಡು ಕಿವಿ ತಾನೇ ಮುಂದೆ ಹೋಗುತ್ತದೆ.