ಯುದ್ಧ ವಸ್ತುಸಂಗ್ರಹಾಲಯಗಳ ಆಯ್ಕೆ: ಹೊಸೂರು ಸೀಮೆಯ ಶಾಲೆಗಳ ದೃಷ್ಟಿಯಿಂದ

ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿ ನಮ್ಮ ಪ್ರೌಢಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇರುವ ದಿನಗಳು ಎರಡು ಮೂರು; ನೋಡತಕ್ಕ ಸ್ಥಳಗಳು ಅನೇಕ. ಯುದ್ಧಗಳ ಚರಿತ್ರೆಯನ್ನು ತೋರಿಸಬೇಕೆಂದು ಹೊರಟಾಗ ಫಿರಂಗಿಗಳೂ ವಿಮಾನಗಳೂ ಹೆಚ್ಚಾಗಿರುವ ಕಡೆಗೇ ಮನಸ್ಸು ಓಡುವುದು ಸಹಜ. ಆದರೆ ಆಯುಧಗಳ ಸಂಖ್ಯೆಯಿಂದ ವಸ್ತುಸಂಗ್ರಹಾಲಯದ ಯೋಗ್ಯತೆಯನ್ನು ಅಳೆಯಲಾಗದು. ಯಾವ ಯುದ್ಧದ ಫಲವನ್ನು ನಮ್ಮ ಮಕ್ಕಳು ಇಂದಿಗೂ ಅನುಭವಿಸುತ್ತಿರುವರೋ ಆ ಯುದ್ಧವನ್ನು, ಅದರ ಎರಡು ಪಕ್ಷಗಳ ಕಡೆಯಿಂದಲೂ ತೋರಿಸುವ ಸ್ಥಳಗಳನ್ನೇ ಮೊದಲು ಆರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಹೊಸೂರು ಸೀಮೆಯವರಾದ ನಮಗೆ ಅಂತಹ ಯುದ್ಧಗಳೆಂದರೆ ಮೈಸೂರಿಗೂ ಇಂಗ್ಲಿಷ್ ಕಂಪೆನಿಗೂ ನಡೆದ ಯುದ್ಧಗಳು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪುಸುಲ್ತಾನನು ತನ್ನ ರಾಜ್ಯದ ಅರ್ಧಭಾಗವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಬಾರಾಮಹಲು ಕಂಪೆನಿಯ ಪಾಲಾಯಿತು; ಹೊಸೂರು ಮೈಸೂರಿನಲ್ಲಿಯೇ ಉಳಿಯಿತು. 1799ರ ಮೇ 4ರಂದು ಟಿಪ್ಪು ಮಡಿದ ಬಳಿಕ ಬಾಲಾಘಾಟ್ ಎನಿಸಿದ ಹೊಸೂರು ಭಾಗವೂ ಕಂಪೆನಿಗೆ ಸೇರಿ ಸೇಲಂ ಜಿಲ್ಲೆಯ ಅಂಗವಾಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಮದರಾಸು ರಾಜ್ಯದಲ್ಲಿಯೇ ನಿಂತಿತು. 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಕನ್ನಡ ಮಾತನಾಡುವ ನಮ್ಮ ಹುಡುಗನು ತಾನೇಕೆ ಗಡಿಯ ಈಚೆಗಿರುವೆನೆಂದು ಕೇಳಿದರೆ, ಉತ್ತರದ ಮೊದಲ ಭಾಗ ಈ ಯುದ್ಧಗಳಲ್ಲಿದೆ.

ಆದ್ದರಿಂದ ಪ್ರವಾಸದ ಆರಂಭ ರಾಯಕೋಟೆಯಿಂದಾಗಲಿ. ಅಲ್ಲಿ ಗಾಜಿನ ಪೆಟ್ಟಿಗೆಗಳಿಲ್ಲ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಬೆಟ್ಟದ ಕೋಟೆಯೇ ಇದೆ. 1791ರಲ್ಲಿ ಮೇಜರ್ ಗೌಡಿಯ ಪಡೆ ಅದನ್ನು ಹಿಡಿಯಿತು. 1792ರಿಂದ ಏಳು ವರ್ಷಗಳ ಕಾಲ ರಾಯಕೋಟೆ ಕಂಪೆನಿಯದು, ಹೊಸೂರು ಮೈಸೂರಿನದು. ಗಡಿ ಇವೆರಡರ ನಡುವೆ ಹಾದಿತ್ತು. 1799ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸನ ಸೈನ್ಯ ಮೈಸೂರಿನ ಸೀಮೆಯೊಳಕ್ಕೆ ನುಗ್ಗಿದ್ದೂ ಈ ದಾರಿಯಿಂದಲೇ. ಬೆಟ್ಟದ ಮೇಲೆ ನಿಂತು ಭೂಪಟವನ್ನು ಬಿಡಿಸಿ ತೋರಿಸಿದರೆ, ಪಾಠಪುಸ್ತಕದ ಒಪ್ಪಂದವು ಮಕ್ಕಳ ಕಣ್ಣೆದುರಿನ ನೆಲವಾಗುತ್ತದೆ.

ಎರಡನೆಯದು ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಗೆಯ ಅರಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅದರ ಪಶ್ಚಿಮದ ಗೋಡೆಯ ಮೇಲೆ, ಕಂಚಿಯ ಬಳಿ ಪೊಳ್ಳಿಲೂರಿನಲ್ಲಿ 1780ರ ಸೆಪ್ಟೆಂಬರ್ 10ರಂದು ನಡೆದ ಯುದ್ಧದ ಚಿತ್ರವಿದೆ. ಹೈದರನೂ ಟಿಪ್ಪುವೂ ವೈಭವದಿಂದ ಬರುತ್ತಿದ್ದಾರೆ. ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ದಿಕ್ಕೆಟ್ಟು ಕುಳಿತಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಇದು ಗೆದ್ದವನು ಬರೆಸಿದ ಚಿತ್ರ. ಅಷ್ಟೇ ಅಲ್ಲ, 1799ರ ಬಳಿಕ ಈ ಅರಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯೂ, ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯೂ ಮಾಸಿದ ಚಿತ್ರಗಳನ್ನು ಮತ್ತೆ ಬರೆಸಿದರು. ಸೋತವರ ಕಡೆಯವರೇ ತಮ್ಮ ಸೋಲಿನ ಚಿತ್ರಕ್ಕೆ ಬಣ್ಣ ಹಾಕಿಸಿದ ಈ ಸಂಗತಿಯನ್ನು ಉಪಾಧ್ಯಾಯರು ತಪ್ಪದೆ ಹೇಳಬೇಕು. ಚಿತ್ರವೂ ಒಂದು ಸಾಕ್ಷ್ಯವೇ; ಆದರೆ ಪರೀಕ್ಷಿಸಿ ನೋಡಬೇಕಾದ ಸಾಕ್ಷ್ಯ.

ಮೂರನೆಯದು ಚೆನ್ನೈಯ ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯ. ಹಿಂದೆ ವರ್ತಕರು ಕೂಡುತ್ತಿದ್ದ 1795ರ ಕಟ್ಟಡದಲ್ಲಿ ಇದು 1948ರಲ್ಲಿ ತೆರೆಯಿತು. ಇಲ್ಲಿ ಥಾಮಸ್ ಬ್ಯಾಂಕ್ಸ್ ಕೆತ್ತಿದ ಕಾರ್ನ್‌ವಾಲಿಸನ ಅಮೃತಶಿಲೆಯ ಪ್ರತಿಮೆಯಿದೆ. ಪ್ರತಿಮೆಗಿಂತ ಅದರ ಪೀಠವನ್ನು ಚೆನ್ನಾಗಿ ನೋಡಬೇಕು. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸುವ ದೃಶ್ಯ ಅಲ್ಲಿದೆ. ಹಿರಿಯ ಅಬ್ದುಲ್ ಖಾಲಿಕನಿಗೆ ಸುಮಾರು ಹತ್ತು ವರ್ಷ, ಕಿರಿಯ ಮುಯಿಜುದ್ದೀನನಿಗೆ ಎಂಟು. ಅವರನ್ನು ಮದರಾಸಿಗೆ ಕರೆದೊಯ್ದು 1794ರಲ್ಲಿ ಹಿಂತಿರುಗಿಸಿದರು. ಶಿಲ್ಪವು ಈ ಘಟನೆಯನ್ನು ಕಾರ್ನ್‌ವಾಲಿಸನ ಔದಾರ್ಯವೆಂಬಂತೆ ತೋರಿಸುತ್ತದೆ. ನಮ್ಮ ವಿದ್ಯಾರ್ಥಿಗಳಿಗಿಂತ ಚಿಕ್ಕವರಾದ ಆ ಬಾಲಕರ ಮನಸ್ಸು ಹೇಗಿದ್ದಿರಬಹುದೆಂಬುದನ್ನು ವಿದ್ಯಾರ್ಥಿಗಳೇ ಊಹಿಸಲಿ.

ಮೂರೂ ಕಡೆಗಳಲ್ಲಿ ಮಕ್ಕಳ ಕೈಗೆ ನಾಲ್ಕೇ ಪ್ರಶ್ನೆಗಳನ್ನು ಕೊಟ್ಟರೆ ಸಾಕು: ಇದನ್ನು ಮಾಡಿಸಿದವರು ಯಾರು? ಯಾವಾಗ? ಯಾರನ್ನು ದೊಡ್ಡವರನ್ನಾಗಿ ತೋರಿಸಿದೆ? ಯಾರನ್ನು ಬಿಟ್ಟಿದೆ? ಕೊನೆಯ ಪ್ರಶ್ನೆಯೇ ಮುಖ್ಯವಾದುದು. ಬೇಯ್ಲಿಯ ಪಡೆಯಲ್ಲಿ ಬಹುಪಾಲು ಈ ದೇಶದ ಸಿಪಾಯಿಗಳೇ ಇದ್ದರು. ಕಾರ್ನ್‌ವಾಲಿಸನ ದಂಡಿಗೆ ಎತ್ತುಗಳ ಮೇಲೆ ಧಾನ್ಯ ತಂದವರು ಬಂಜಾರರು. ಅವರಿಗೆ ಅಮೃತಶಿಲೆಯ ಪೀಠವಿಲ್ಲ.

ದೂರದಲ್ಲಿರುವ ವಸ್ತುಗಳೂ ಉಂಟು. ಟಿಪ್ಪುವಿನ ಪ್ರಸಿದ್ಧ ಮರದ ಹುಲಿ ಇರುವುದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ. ಅದು ಅಲ್ಲಿಗೆ ಹೋದ ಬಗೆಯನ್ನು ಹೇಳಿದರೆ ಅದೂ ಯುದ್ಧಚರಿತ್ರೆಯ ಪಾಠವೇ.

ವ್ಯವಸ್ಥೆಯ ವಿಷಯದಲ್ಲಿ ಒಂದೆರಡು ಮಾತು. ರಾಯಕೋಟೆಗೆ ಒಂದು ದಿನ, ಶ್ರೀರಂಗಪಟ್ಟಣಕ್ಕೆ ಒಂದು ದಿನ ಬೇಕು. ಚೆನ್ನೈ ಎದುರು ದಿಕ್ಕಿನಲ್ಲಿರುವುದರಿಂದ ಅದನ್ನು ಮರುವರ್ಷಕ್ಕೆ ಇಟ್ಟುಕೊಳ್ಳಬಹುದು; ಮೂರನ್ನೂ ಒಂದೇ ಉಸಿರಿಗೆ ಓಡಿಸಿ ತೋರಿಸುವುದಕ್ಕಿಂತ ಅದು ಮೇಲು. ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಶುಕ್ರವಾರ ಮುಚ್ಚಿರುತ್ತವೆ; ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇತರ ಗಡಿನಾಡುಗಳ ಉಪಾಧ್ಯಾಯ ಮಿತ್ರರೂ ಇದೇ ಕ್ರಮವನ್ನು ತಮ್ಮ ಸೀಮೆಗೆ ಹೊಂದಿಸಿಕೊಳ್ಳಬಹುದು. ತಮ್ಮ ಊರಿನ ಗಡಿಯನ್ನು ಗೆರೆಯೆಳೆದ ಘಟನೆ ಯಾವುದೆಂದು ಮೊದಲು ಗೊತ್ತುಮಾಡಿಕೊಂಡು, ಅದರ ಕುರುಹುಗಳು ಎಲ್ಲೆಲ್ಲಿವೆಯೆಂದು ಆಮೇಲೆ ಹುಡುಕಿದರೆ, ಪ್ರವಾಸದ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.