ಅಚ್ಚಿನ ಸಾಕ್ಷ್ಯ: 1804ರ ಅಮೆರಿಕನ್ ಡಾಲರ್

ಇತಿಹಾಸದ ಆಕರಗಳಲ್ಲಿ ನಾಣ್ಯಕ್ಕೆ ವಿಶೇಷ ಮನ್ನಣೆಯಿದೆ. ಕಾವ್ಯದಲ್ಲಿ ಅತ್ಯುಕ್ತಿ ಇರಬಹುದು, ಶಾಸನದ ಪ್ರಶಸ್ತಿಭಾಗದಲ್ಲಿ ಹೊಗಳಿಕೆ ಇರಬಹುದು. ಪ್ರಭುತ್ವವೇ ಅಚ್ಚೊತ್ತಿಸಿದ ಲೋಹದ ಮೇಲಿನ ವರ್ಷವಾದರೂ ನಂಬಲರ್ಹವೆಂಬುದು ಸಾಮಾನ್ಯ ಗ್ರಹಿಕೆ. ಈ ಗ್ರಹಿಕೆಯನ್ನು ಅಲುಗಿಸಿದ ನಿದರ್ಶನವೊಂದು 1804 ಎಂಬ ವರ್ಷವನ್ನು ಹೊತ್ತ ಅಮೆರಿಕದ ಬೆಳ್ಳಿ ಡಾಲರು.

ಫಿಲಡೆಲ್ಫಿಯಾ ಟಂಕಸಾಲೆಯ ದಾಖಲೆಯಂತೆ 1804ರಲ್ಲಿ 19,570 ಬೆಳ್ಳಿ ಡಾಲರುಗಳು ಸಿದ್ಧವಾದವು. ಆ ವರ್ಷವನ್ನು ಹೊತ್ತು ಇಂದು ಉಳಿದಿರುವವು ಕೆಲವೇ ಕೆಲವು. ಮಿಕ್ಕವು ಕರಗಿಹೋದವು, ಕಡಲಲ್ಲಿ ಮುಳುಗಿದವು ಎಂಬ ಊಹೆಗಳು ಬಹುಕಾಲ ಪ್ರಚಲಿತವಾಗಿದ್ದವು. ಆದರೆ ಉತ್ತರ ನಾಣ್ಯದ ರಚನೆಯಲ್ಲಿಯೇ ಅಡಗಿತ್ತು.

ಆ ಕಾಲದ ಉಕ್ಕಿನ ಅಚ್ಚುಗಳಲ್ಲಿ ಅಕ್ಷರ, ಅಂಕಿ, ನಕ್ಷತ್ರಗಳನ್ನು ಕೈಯಿಂದ ಒಂದೊಂದಾಗಿ ಬಡಿದು ಮೂಡಿಸಲಾಗುತ್ತಿತ್ತು. ಹೀಗಾಗಿ ಎರಡು ಅಚ್ಚುಗಳು ಪೂರ್ಣವಾಗಿ ಒಂದೇ ಆಗಿರುವುದಿಲ್ಲ. ಒಂದೇ ಕೃತಿಯ ಓಲೆಪ್ರತಿಗಳಲ್ಲಿ ಪಾಠಾಂತರಗಳಿರುವಂತೆಯೇ ಇದು. ಅಚ್ಚು ಬಿರುಕುಬಿಟ್ಟರೆ ಆ ಬಿರುಕು ನಾಣ್ಯದ ಮೇಲೆ ಉಬ್ಬುಗೆರೆಯಾಗಿ ಮೂಡುತ್ತದೆ. ಗೆರೆ ಬೆಳೆಯುತ್ತ ಹೋದ ಕ್ರಮದಿಂದ ಯಾವ ನಾಣ್ಯ ಮೊದಲು, ಯಾವುದು ಅನಂತರ ಎಂದು ನಿರ್ಣಯಿಸಬಹುದು. ಒಳ್ಳೆಯ ಅಚ್ಚು ದುಬಾರಿಯಾಗಿದ್ದುದರಿಂದ ವರ್ಷ ಮುಗಿದರೂ ಅದನ್ನು ಬಿಸುಡುತ್ತಿರಲಿಲ್ಲ. 1804ರಲ್ಲಿ ತಯಾರಾದ ಡಾಲರುಗಳು ಹೀಗೆ 1803 ಅಥವಾ ಅದಕ್ಕೂ ಹಿಂದಿನ ವರ್ಷದ ಅಚ್ಚುಗಳಿಂದಲೇ ಹೊರಬಂದವು.

ಹಾಗಾದರೆ 1804 ಎಂಬ ಅಂಕಿತವುಳ್ಳ ಡಾಲರುಗಳು ಎಲ್ಲಿಂದ ಬಂದವು? ಹಳೆಯ ಡಾಲರುಗಳ ಅಂಚಿನ ಸುತ್ತ ಹಲ್ಲಿನಂತಹ ಕಚ್ಚುಗಳಿವೆ. ಇವುಗಳಲ್ಲಿ ಎತ್ತರಿಸಿದ ಕಟ್ಟೂ ಅದರೊಳಗೆ ಮಣಿಸಾಲೂ ಇವೆ. ಇದು 1830ರ ದಶಕದ ತಂತ್ರ. ಅಂಚಿನ ಮೇಲಿನ ಅಕ್ಷರಗಳು ಜಜ್ಜಿಹೋಗಿರುವುದು, ಅಚ್ಚೊತ್ತುವಾಗ ಬಿಲ್ಲೆಯ ಸುತ್ತ ಬಿಗಿಯಾದ ಲೋಹದ ಬಳೆ ಇತ್ತೆಂಬುದಕ್ಕೆ ಗುರುತು. 1834ರಲ್ಲಿ ಎಡ್ಮಂಡ್ ರಾಬರ್ಟ್ಸ್ ಎಂಬ ರಾಜದೂತನ ಮೂಲಕ ಮಸ್ಕತ್ತಿನ ಸುಲ್ತಾನ, ಸಯಾಮಿನ ದೊರೆ ಮೊದಲಾದವರಿಗೆ ಉಡುಗೊರೆ ಕಳುಹಿಸಲು ಸರ್ಕಾರ ನಾಣ್ಯಗಳ ಪೂರ್ಣ ಸಂಪುಟಗಳನ್ನು ಬಯಸಿತು. ದಾಖಲೆಯಲ್ಲಿದ್ದ ಕೊನೆಯ ವರ್ಷವನ್ನು ನೋಡಿ ಟಂಕಸಾಲೆಯವರು 1804ರ ಅಚ್ಚನ್ನು ಹೊಸದಾಗಿ ಸಿದ್ಧಪಡಿಸಿದರು. ಆ ವರ್ಗದ 8 ನಾಣ್ಯಗಳು ಉಳಿದಿವೆ.

ಸಂಗ್ರಾಹಕರ ಆಸೆ ಬೆಳೆದಾಗ ಟಂಕಸಾಲೆಯೊಳಗಿನವರೇ 1858ರ ಸುಮಾರಿನಿಂದ ಗುಟ್ಟಾಗಿ ಮತ್ತೆ ಒತ್ತಿದರು. ಮುಂಭಾಗದ ಅಚ್ಚು ಅದೇ, ಹಿಂಭಾಗದ್ದು ಬೇರೆ. ಹದ್ದಿನ ಮೇಲಿನ ಮೋಡಗಳಿಗೂ ಸುತ್ತಲಿನ ಅಕ್ಷರಗಳಿಗೂ ಇರುವ ಸ್ಥಾನಭೇದವೇ ಇದನ್ನು ಹೊರಗೆಡಹಿತು. ಈ ಎರಡನೆಯ ಹಂತದ ನಾಣ್ಯಗಳಲ್ಲಿ ಒಂದು ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತದ 1857ರ ಬೆಳ್ಳಿ ನಾಣ್ಯದ ಮೇಲೆಯೇ ಒತ್ತಿದ್ದು; ಅಡಿಯ ಚಿತ್ರದ ಕುರುಹು ಇನ್ನೂ ಕಾಣುತ್ತದೆ. ಮೇಲಿರುವುದು 1804, ಅಡಿಯಲ್ಲಿರುವುದು 1857!

ಈ ಡಾಲರುಗಳಲ್ಲಿ ಕೆಲವು ಸವೆದಿವೆ. ಸವೆತವನ್ನು ಕಂಡು ಇವು ಜನರ ಕೈಯಲ್ಲಿ ಓಡಾಡಿದವೆಂದು ಭಾವಿಸುವುದು ಸಹಜ. ಸವೆತ ಮೊದಲು ತಟ್ಟುವುದು ಕೂದಲಿನ ಸುರುಳಿ, ಹದ್ದಿನ ಎದೆ ಮೊದಲಾದ ಉಬ್ಬಿದ ಭಾಗಗಳನ್ನು. ಒತ್ತಡ ಸಾಲದೆ ಮಸುಕಾಗುವುದೂ ಬಹುಮಟ್ಟಿಗೆ ಅವೇ ಭಾಗಗಳು. ಮೊದಲನೆಯದರಲ್ಲಿ ಮೂಲ ಹೊಳಪು ಅಳಿದಿರುತ್ತದೆ, ಎರಡನೆಯದರಲ್ಲಿ ಉಳಿದಿರುತ್ತದೆ. ಆದರೆ ನಿಜವಾದ ಸವೆತವೂ ಬಳಕೆಯನ್ನಷ್ಟೇ ಹೇಳುತ್ತದೆ, ಹುಟ್ಟಿದ ವರ್ಷವನ್ನಲ್ಲ. ಕಿಸೆಯಲ್ಲಿಟ್ಟುಕೊಂಡು ತಿರುಗಿದರೆ ಯಾವ ಬೆಳ್ಳಿಯೂ ಸವೆಯುತ್ತದೆ.

ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸೆಟ್ 1962ರ ತಮ್ಮ ಗ್ರಂಥದಲ್ಲಿ ಈ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ವಿವಾದವನ್ನು ಬಗೆಹರಿಸಿದರು. ನಾಣ್ಯಗಳ ಬೆಲೆ ಮಾತ್ರ ಇಳಿಯಲಿಲ್ಲ. 1999ರಲ್ಲಿ ಒಂದು 41,40,000 ಡಾಲರಿಗೆ ಹರಾಜಾಯಿತು. ಕನ್ನಡ ನಾಡಿನ ಶಾಸನಾಧ್ಯಯನಕ್ಕೂ ಈ ಬಗೆಯ ವಿಚಾರಣೆ ಅಪರಿಚಿತವಲ್ಲ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಹೇಳಿಕೊಳ್ಳುವ ಶಕವರ್ಷಕ್ಕೂ ಅವುಗಳ ಲಿಪಿಗೂ ಹೊಂದಾಣಿಕೆಯಿಲ್ಲದೆ ಕೂಟಶಾಸನಗಳೆನಿಸಿಕೊಂಡವು. ಅಲ್ಲಿ ಅಕ್ಷರದ ವಟಿವು ನುಡಿದುದನ್ನೇ ಇಲ್ಲಿ ಅಂಚಿನ ಮಣಿಸಾಲು ನುಡಿಯಿತು. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ: ಕೂಟಶಾಸನವನ್ನು ಬರೆಸಿದವರು ರಾಜಮುದ್ರೆಯನ್ನು ಅನುಕರಿಸಬೇಕಾಯಿತು, ಡಾಲರಿನ ವಿಷಯದಲ್ಲಿ ಸುಳ್ಳು ವರ್ಷವನ್ನು ಒತ್ತಿದ್ದು ಅಧಿಕೃತ ಟಂಕಸಾಲೆಯೇ.