ನಗರದ ನೆರೆಯಲ್ಲಿ ಮೃಗ

ಕಾಡುಮೃಗದ ಛಾಯಾಚಿತ್ರ ಬೇಕಾದರೆ ಕ್ಯಾಮೆರಾ ಹೊತ್ತು ಕಾಡಿಗೇ ಹೋಗಬೇಕೆಂಬುದು ಹಿಂದಿನ ವಾಡಿಕೆ. ಈ ಕಲೆಯ ಹಿರಿಯರಲ್ಲಿ ನಾನು ಮೊದಲು ನೆನೆಯುವುದು ಅಮೆರಿಕದ ಜಾರ್ಜ್ ಶೈರಸ್ ಅವರನ್ನು. ಕೋವಿ ಕೆಳಗಿಟ್ಟು ಕ್ಯಾಮೆರಾ ಹಿಡಿದ ಬೇಟೆಗಾರ ಅವರು. ಇರುಳಿನಲ್ಲಿ ದೋಣಿಯೇರಿ, ಮದ್ದಿನ ಬೆಳಕು ಸಿಡಿಸಿ ತೆಗೆದ ಅವರ ಜಿಂಕೆಗಳ ಚಿತ್ರಗಳನ್ನು 1906ರಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಅಚ್ಚುಹಾಕಿತು. ಪ್ರಾಣಿಯ ಕಾಲು ದಾರಕ್ಕೆ ತಗುಲಿದೊಡನೆ ಚಿತ್ರ ತಾನಾಗಿ ಮೂಡುವ ಉಪಾಯವನ್ನೂ ಅವರು ಬಳಸಿದರು.

ಶತಮಾನ ಕಳೆದ ಮೇಲೆ ಅಂಥ ಉಪಾಯ ಊರೊಳಗೂ ಬಂತು. 2012ರಲ್ಲಿ ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಇಟ್ಟಿದ್ದ ಕ್ಯಾಮೆರಾದಲ್ಲಿ ಒಂದು ಗಂಡು ಪ್ಯೂಮಾ, ಎಂದರೆ ಅಮೆರಿಕದ ಬೆಟ್ಟದ ಸಿಂಹ, ಕಾಣಿಸಿಕೊಂಡಿತು. ಎರಡು ದೊಡ್ಡ ಹೆದ್ದಾರಿಗಳನ್ನು ದಾಟಿ ಬಂದಿರಬೇಕು! ವಿಜ್ಞಾನಿಗಳು ಅದನ್ನು ಪಿ-22 ಎಂದು ಕರೆದರು. ಸ್ಟೀವ್ ವಿಂಟರ್ ಅವರು ವರ್ಷಕ್ಕೂ ಮಿಕ್ಕಿ ಕಾದು, ಹಾಲಿವುಡ್ ಫಲಕದ ಕೆಳಗೆ ಅದು ನಡೆದುಹೋಗುವ ಚಿತ್ರವನ್ನು ಪಡೆದರು. 2013ರಲ್ಲಿ ಅದು ಅದೇ ಪತ್ರಿಕೆಯಲ್ಲಿ ಬೆಳಕು ಕಂಡಿತು. ಊರಿಗೆ ಊರೇ ತನ್ನ ನೆರೆಯವನನ್ನು ನೋಡಿತು.

ಚಿತ್ರ ಅದರ ಪ್ರಾಣವನ್ನು ಉಳಿಸಲಿಲ್ಲ. ಗಾಯದಿಂದಲೂ ರೋಗದಿಂದಲೂ ಸೊರಗಿದ್ದ ಪಿ-22ಕ್ಕೆ 2022ರ ಡಿಸೆಂಬರಿನಲ್ಲಿ ದಯಾಮರಣ ಕೊಟ್ಟರು. ಆದರೆ ಅದೇ ವರ್ಷದ ಏಪ್ರಿಲಿನಲ್ಲಿ, 101ನೆಯ ಹೆದ್ದಾರಿಯ ಮೇಲೆ ಮೃಗಗಳಿಗೆಂದೇ ಒಂದು ಸೇತುವೆಯ ಕೆಲಸ ಮೊದಲಾಗಿತ್ತು. ಅದಕ್ಕೆ ಹಣ ಕೂಡಿಸಿದವರು ಜನರ ಮುಂದೆ ಹಿಡಿದದ್ದು ಈ ಪ್ಯೂಮಾದ ಚಿತ್ರವನ್ನೇ. ಛಾಯಾಚಿತ್ರ ಮಾಡಬಲ್ಲ ಕೆಲಸ ಅಷ್ಟು. ನನ್ನೆಣಿಕೆಯಲ್ಲಿ ಅದು ಅಲ್ಪವಲ್ಲ.